ದುಡಿಮೆಗೆ ತಕ್ಕ ಹಿಟ್ಟು

ಉಣ್ಣುವವನ ತಟ್ಟೆಯನ್ನು ನೋಡಬಾರದು, ತುತ್ತನ್ನು ಎಣಿಸಬಾರದು ಎಂಬುದು ನಮ್ಮ ನಾಡಿನ ಹಳೆಯ ಮರ್ಯಾದೆ. ಎಣಿಸಿದರೆ ದೃಷ್ಟಿ ತಾಗುತ್ತದೆಂದು ಅಜ್ಜಿಯರು ಗದರುವುದುಂಟು. ಆದರೆ ಒಲೆಯ ಮುಂದೆ ಕುಳಿತ ಗೃಹಿಣಿಯು ಎಣಿಸದೆ ಎಸರಿಡುವಳೆ? ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ರಾವಂದೂರಿನ ಸುತ್ತಿನ ಹಳ್ಳಿಗಳಲ್ಲಿ ಹೊಲಕ್ಕೆ ಮುಯ್ಯಾಳುಗಳು ಬರುವ ದಿನ ಮನೆಯಾಕೆ ಎರಡು ಮಾತು ಕೇಳುತ್ತಾಳೆ: ಎಷ್ಟು ಮಂದಿ? ಏನು ಕೆಲಸ? ಕಳೆ ಕೀಳುವವರಾದರೆ ಒಂದು ಅಳತೆ, ಅಗೆಯುವವರಾದರೆ ಇನ್ನೊಂದು. ಅಗೆತದ ದಿನ ಮುದ್ದೆಯ ಗಾತ್ರವೇ ಬೇರೆ. ಸಾರಿಗೆ ಬೀಳುವ ಕಾಳೂ ಒಂದು ಹಿಡಿ ಹೆಚ್ಚು. ಈ ಲೆಕ್ಕ ಆಕೆಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ದನಗಳ ವಿಷಯದಲ್ಲಿಯೂ ಹೀಗೆಯೇ. ಉಳುಮೆಯ ಕಾಲದಲ್ಲಿ ಎತ್ತಿಗೆ ಹುರುಳಿ ಬೇಯಿಸಿ ಇಡುತ್ತಾರೆ. ಉಳುಮೆ ಮುಗಿದು ಎತ್ತು ಕೊಟ್ಟಿಗೆಯಲ್ಲಿ ನಿಂತರೆ ಬರಿಯ ಹುಲ್ಲು. ನೆರೆಯ ಹುಣಸೂರು ಒಂದು ಕಾಲಕ್ಕೆ ಅಮೃತಮಹಲ್ ಇಲಾಖೆಯ ಮುಖ್ಯ ಠಾಣ್ಯವಾಗಿತ್ತು. ಫಿರಂಗಿಗಾಡಿ ಎಳೆಯುವ ಎತ್ತುಗಳನ್ನು ಸಾಕಿದ ಸೀಮೆಯ ಜನಕ್ಕೆ, ದುಡಿಸಿದ ದಿನ ಹೆಚ್ಚು ಹಾಕಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎತ್ತಿನ ವಿಷಯದಲ್ಲಿ ಎಲ್ಲರೂ ಒಪ್ಪಿದ ಈ ನ್ಯಾಯವನ್ನು ಮನುಷ್ಯನ ವಿಷಯದಲ್ಲಿ ಒಪ್ಪಲು ಸರ್ಕಾರಗಳಿಗೆ ಬಹಳ ಕಾಲ ಹಿಡಿಯಿತು. ಒಪ್ಪದೆ ಇದ್ದಾಗ ಏನಾಯಿತು, ಒಪ್ಪಿದ ಮೇಲೆ ಯಾರ ದುಡಿಮೆ ಲೆಕ್ಕಕ್ಕೆ ಬಂದಿತು, ಯಾರದು ತಡವಾಗಿ ಬಂದಿತು ಎಂಬುದು ಒಂದು ಚರಿತ್ರೆ. ಅದನ್ನು ಇಲ್ಲಿ ಸ್ವಲ್ಪಮಟ್ಟಿಗೆ ನೋಡೋಣ.

ಮೊದಲು ಮಾತಿನ ಚರಿತ್ರೆ. ಕೂಳಿಗಾಗಿ ಕೂಲಿ ಎಂದು ಜನ ಎರಡು ಮಾತನ್ನೂ ಒಂದೇ ಬೇರಿನವೆಂದು ಬೆಸೆದು ಹೇಳುತ್ತಾರೆ. ಹಳಗನ್ನಡವನ್ನು ಬಲ್ಲವರು ಒಪ್ಪುವುದಿಲ್ಲ. ಅನ್ನವೆಂಬರ್ಥದ ಕೂಳು ಮೊದಲಿಗೆ ಱೞಾಕ್ಷರದ ‘ಕೂೞ್’ ಆಗಿತ್ತು, ಕೂಲಿಗೆ ಆ ೞಕಾರ ಎಂದೂ ಇರಲಿಲ್ಲ. ವ್ಯಾಕರಣ ಬೇರ್ಪಡಿಸಿದ್ದನ್ನು ಬದುಕು ಕೂಡಿಸಿತು ಎನ್ನಬೇಕು. ಇನ್ನೊಂದು ಮಾತು ‘ಪಡಿ’. ಅದು ಅಳೆಯುವ ಪಾತ್ರೆಯೂ ಹೌದು, ದಿನಕ್ಕೆ ಅಳೆದು ಕೊಡುವ ಧಾನ್ಯವೂ ಹೌದು. ದೇವಸ್ಥಾನದ ನಿತ್ಯದ ನೈವೇದ್ಯ ದೀಪಗಳಿಗೆ ಗೊತ್ತುಮಾಡಿದ ಸಾಮಗ್ರಿಗೆ ಪಡಿತರವೆಂದು ಹೆಸರು. ಇಂದು ನ್ಯಾಯಬೆಲೆ ಅಂಗಡಿಯ ಮುಂದೆ ಚೀಟಿ ಹಿಡಿದು ನಿಲ್ಲುವವರು ಪಡೆಯುವುದೂ ಅದೇ ಪಡಿತರ. ದೇವರಿಗೆ ದುಡಿಮೆಯಿಲ್ಲವಾದುದರಿಂದ ಅಲ್ಲಿ ಪ್ರತಿದಿನವೂ ಒಂದೇ ಅಳತೆ ನಡೆಯುತ್ತದೆ. ಮನುಷ್ಯರಿಗೆ ಅದು ಸಾಲದು.

ಆಳಿಗೆ ಇಷ್ಟೆಂದು ಬರೆದಿಟ್ಟ ಹಳೆಯ ಪಟ್ಟಿಯೊಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಆ ಗ್ರಂಥ ಲೋಕಕ್ಕೆ ಮತ್ತೆ ದೊರೆತದ್ದು ನಮ್ಮ ಮೈಸೂರಿನಲ್ಲಿಯೇ. ಪ್ರಾಚ್ಯ ಗ್ರಂಥಾಲಯದಲ್ಲಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ತಾಳೆಯ ಗರಿಯ ಪ್ರತಿಯನ್ನು ಓದಿ, 1909ರಲ್ಲಿ ಅಚ್ಚು ಹಾಕಿಸಿದರು. ಅದರ ಉಗ್ರಾಣಾಧ್ಯಕ್ಷನ ಪ್ರಕರಣದಲ್ಲಿ ಆರ್ಯಪುರುಷನೊಬ್ಬನ ಊಟಕ್ಕೆ ನುಚ್ಚಿಲ್ಲದ ಅಕ್ಕಿ ಒಂದು ಪ್ರಸ್ಥ, ಅದರ ನಾಲ್ಕನೆಯ ಒಂದು ಭಾಗ ತೊವ್ವೆ, ಉಪ್ಪು, ತುಪ್ಪ ಅಥವಾ ಎಣ್ಣೆ ಇಷ್ಟಿಷ್ಟೆಂದು ಲೆಕ್ಕವಿದೆ. ಕೆಳಗಿನ ದರ್ಜೆಯವರಿಗೆ ತೊವ್ವೆ ಕಡಮೆ, ಜಿಡ್ಡು ಅರ್ಧ. ಹೆಂಗಸರಿಗೆ ಕಾಲುಭಾಗ ಕಡಮೆ, ಮಕ್ಕಳಿಗೆ ಅರ್ಧ. ಗಮನಿಸಬೇಕಾದದ್ದೇನೆಂದರೆ, ಈ ಪಟ್ಟಿಯಲ್ಲಿ ಮನುಷ್ಯನು ಯಾರು ಎಂಬ ವಿಚಾರವಿದೆ. ಅವನು ಆ ದಿನ ಏನು ಮಾಡಿದನೆಂಬ ವಿಚಾರವಿಲ್ಲ. ಹೊಲಗೆಲಸದ ಆಳುಗಳಿಗೆ ಅವರನ್ನು ನಂಬಿದವರೆಷ್ಟು ಮಂದಿಯೆಂಬುದನ್ನು ನೋಡಿ ಊಟ ಕೊಡಬೇಕೆಂದು ಕೌಟಿಲ್ಯನು ಬೇರೊಂದು ಕಡೆ ಹೇಳಿದ್ದಾನೆ. ಅದು ಉದಾರವಾದ ಮಾತೇ. ಆದರೆ ಅಲ್ಲಿಯೂ ಎಣಿಕೆ ತಲೆಯದು, ತೋಳಿನದಲ್ಲ.

ಕನ್ನಡದಲ್ಲಿ ಸೂಪಶಾಸ್ತ್ರ ಬರೆದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಮೊದಲಲ್ಲಿದ್ದವನು, ಚೆಂಗಾಳ್ವರ ಆಶ್ರಯದ ಕಲ್ಲಹಳ್ಳಿಯವನು. ಎಂದರೆ ನಮ್ಮ ಸೀಮೆಯವನೇ. ಅವನ ಅಡುಗೆಯ ಪುಸ್ತಕದಲ್ಲಿ ರುಚಿಯ ಬಗೆಗಳಿವೆ. ಹಸಿದ ಆಳಿನ ಲೆಕ್ಕವನ್ನು ಅಂಥ ಕಾವ್ಯದಲ್ಲಿ ಹುಡುಕುವುದು ನ್ಯಾಯವಲ್ಲ. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಾದರೋ ಬತ್ತಕ್ಕೂ ರಾಗಿಗೂ ವಾದ ನಡೆದು ರಾಗಿ ಗೆಲ್ಲುತ್ತದೆ. ದುಡಿಯುವವರ ಧಾನ್ಯಕ್ಕೆ ಸಾಹಿತ್ಯದಲ್ಲಿ ದೊರೆತ ಮನ್ನಣೆ ಅದು. ಆಮೇಲೆ, 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯನು ಮೈಸೂರು ಸೀಮೆಯನ್ನು ಸುತ್ತುತ್ತ ಪಿರಿಯಾಪಟ್ಟಣಕ್ಕೂ ಬಂದಿದ್ದನು. ಆರಂಬಗಾರರ ಮನೆಯ ಆಳುಗಳಿಗೆ ಧಾನ್ಯವೆಷ್ಟು, ಹಣವೆಷ್ಟು ಎಂಬುದನ್ನು ಅವನು ತನ್ನ ಪ್ರವಾಸದಲ್ಲಿ ಅಲ್ಲಲ್ಲಿ ವಿಚಾರಿಸಿ ಬರೆದುಕೊಂಡಿದ್ದಾನೆ.

ಇವೆಲ್ಲ ಪೀಠಿಕೆ. ಈ ಪ್ರಶ್ನೆಗೆ ಪ್ರಾಣವೇ ಪಣವಾದದ್ದು ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ. ಎಂದರೆ 1876ರಿಂದ 1878ರ ವರೆಗೆ. ಮಳೆ ಹಿಂದಿನ ವರ್ಷವೇ ಕೈಕೊಟ್ಟಿತ್ತು; 1876ರಲ್ಲಿ ಪೂರ್ತಿ ಸೋತಿತು. ಮೈಸೂರು ಆಗ ಬ್ರಿಟಿಷ್ ಕಮೀಷನರರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹುಟ್ಟಿ ಸೇರಬೇಕಾಗಿದ್ದವರನ್ನು ಬಿಟ್ಟರೂ ಎಂಟೂವರೆ ಲಕ್ಷಕ್ಕೆ ಮೀರಿದ ಕೊರತೆ. ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕಳೆಯುವ ಲೆಕ್ಕವನ್ನು ನಾನು ಮಕ್ಕಳಿಗೆ ಕೊಡುವುದುಂಟು. ಉತ್ತರ ಬರೆದ ಮೇಲೆ ತರಗತಿ ತಾನಾಗಿ ನಿಶ್ಶಬ್ದವಾಗುತ್ತದೆ.

ಬರಗಾಲದಲ್ಲಿ ಸರ್ಕಾರ ಜನರನ್ನು ಬದುಕಿಸುವ ಉಪಾಯ ಎರಡು ಬಗೆಯದಾಗಿತ್ತು. ನಿಶ್ಶಕ್ತರಿಗೆ ಗಂಜಿಕೇಂದ್ರ, ಮೈಯಲ್ಲಿ ಶಕ್ತಿಯಿದ್ದವರಿಗೆ ಮಣ್ಣು ಹೊರುವ, ಕಲ್ಲು ಒಡೆಯುವ, ಕೆರೆಯ ಏರಿ ಹಾಕುವ ಕೆಲಸ, ಅದಕ್ಕೆ ಕೂಲಿ. ಕೂಲಿಯನ್ನು ಧಾನ್ಯದ ಬೆಲೆಗೆ ಕಟ್ಟುತ್ತಿದ್ದರು. ನೆರೆಯ ಮದರಾಸು ಪ್ರಾಂತದಲ್ಲಿ ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡು ಧಾನ್ಯ ಕೊಳ್ಳುವಷ್ಟು, ಅದರ ಮೇಲೆ ಉಪ್ಪು ಮೆಣಸಿನಕಾಯಿಗೆ ಒಂದಿಷ್ಟು ಚಿಲ್ಲರೆ ಸೇರಿಸಿ ಕೊಡುವುದಿತ್ತು. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಪ್ರಭುವಿನ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದನು. ಇದೇ ಟೆಂಪಲ್ 1874ರ ಬಿಹಾರದ ಬರಗಾಲದಲ್ಲಿ ಧಾರಾಳವಾಗಿ ಧಾನ್ಯ ತರಿಸಿ ಜನರನ್ನು ಉಳಿಸಿದ್ದನು; ಹಣ ಹೆಚ್ಚು ಖರ್ಚುಮಾಡಿದನೆಂಬ ಆಕ್ಷೇಪಣೆಯನ್ನೂ ಹೊತ್ತಿದ್ದನು. ಈ ಸಲ ಕೈ ಬಿಗಿಹಿಡಿದು ಬಂದನು. ಒಂದೂವರೆ ಪೌಂಡನ್ನು ಒಂದು ಪೌಂಡಿಗೆ ಇಳಿಸಬಹುದೆಂದು ಅವನ ಸಲಹೆ. ಜೀವ ಹಿಡಿದುಕೊಳ್ಳಲು ಅಷ್ಟು ಸಾಕು ಎಂಬುದು ಅವನ ವಾದ. ಜನರ ಬಾಯಲ್ಲಿ, ಪತ್ರಿಕೆಗಳಲ್ಲಿ ಅದು ‘ಟೆಂಪಲ್ ಕೂಲಿ’ ಎಂದು ಹೆಸರಾಯಿತು.

ಇದನ್ನು ನೇರವಾಗಿ ಎದುರಿಸಿದವನು ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ವಿಲಿಯಂ ಕಾರ್ನಿಷ್. ಇವನು 1863ರಷ್ಟು ಹಿಂದೆಯೇ ಮದರಾಸು ಪ್ರಾಂತದ ಜನರ ಆಹಾರವೇನು, ಎಷ್ಟು ಎಂಬ ವರದಿಗಳನ್ನು ಜಿಲ್ಲೆಗಳಿಂದ ತರಿಸಿ ಅಚ್ಚು ಹಾಕಿಸಿದ್ದವನು. ಸೆರೆಮನೆಗಳಲ್ಲಿ ಊಟ ತಗ್ಗಿಸಿ ಕೆಲಸ ಮಾಡಿಸಿದರೆ ಕೈದಿಗಳ ತೂಕ ಹೇಗೆ ಇಳಿಯುತ್ತದೆ, ಸಾವು ಹೇಗೆ ಏರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಸುಮ್ಮನೆ ಕುಳಿತವನ ಜೀವ ಉಳಿಯುವ ಅಳತೆ ಬೇರೆ, ಮಣ್ಣು ಹೊರುವವನ ಜೀವ ಉಳಿಯುವ ಅಳತೆ ಬೇರೆ ಎಂಬುದು ಅವನ ಪ್ರತಿವಾದದ ಸಾರ. ಇಬ್ಬರ ವಾದ ಪ್ರತಿವಾದಗಳು ಬರಹದಲ್ಲಿ ನಡೆದವು. ನಡೆಯುತ್ತಿದ್ದಾಗ ಕೆಲಸದ ಶಿಬಿರಗಳಲ್ಲಿ ಜನ ಸೊರಗುತ್ತಿದ್ದರು. ಮುಂಬಯಿ ಪ್ರಾಂತದ ದಖ್ಖನ್ ಜಿಲ್ಲೆಗಳಲ್ಲಿ ಸಾವಿರಾರು ಮಂದಿ ಆ ಕೂಲಿಯನ್ನು ಒಲ್ಲೆವೆಂದು ಕೆಲಸ ಬಿಟ್ಟು ಎದ್ದುಹೋದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಬರೆಯಿತು. ಕೊನೆಗೆ ಅದೇ ವರ್ಷದ ಮೇ ತಿಂಗಳಲ್ಲಿ ಮದರಾಸು ಸರ್ಕಾರ ಕೂಲಿಯನ್ನು ಮತ್ತೆ ಏರಿಸಿತು.

ಆ ಒಂದು ಪೌಂಡಿನ ಅರ್ಥವೇನೆಂಬುದನ್ನು ಇಂದಿನ ಲೆಕ್ಕದಿಂದ ನೋಡಬಹುದು. ಒಂದು ಲೀಟರು ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡು ಬಿಸಿಮಾಡುವ ಶಾಖವನ್ನು ಆಹಾರಶಾಸ್ತ್ರದಲ್ಲಿ ಒಂದು ಕ್ಯಾಲೊರಿ ಎನ್ನುತ್ತಾರೆ. ಒಂದು ಪೌಂಡು ಎಂದರೆ 454 ಗ್ರಾಂ. ರಾಗಿಯಾದರೆ ಸುಮಾರು 1,450, ಅಕ್ಕಿಯಾದರೆ ಸುಮಾರು 1,600 ಕ್ಯಾಲೊರಿ. 50 ಕಿಲೋ ತೂಕದ ಯುವಕನೊಬ್ಬ ಇಡೀ ದಿನ ಏನೂ ಮಾಡದೆ ಮಲಗಿದ್ದರೂ ಉಸಿರಾಟ, ಎದೆಬಡಿತ, ಮೈಕಾವು ಇವುಗಳಿಗಾಗಿಯೇ ಸುಮಾರು 1,370 ಕ್ಯಾಲೊರಿ ಖರ್ಚಾಗುತ್ತದೆ. ಇದನ್ನು ಮೂಲ ಖರ್ಚು ಎನ್ನೋಣ. ಉಳಿದದ್ದೆಷ್ಟು? ನೂರೋ ಇನ್ನೂರೋ. ಅಷ್ಟರಲ್ಲಿ ಅವನು ಎದ್ದು ನಿಲ್ಲಬೇಕು, ಶಿಬಿರಕ್ಕೆ ನಡೆಯಬೇಕು, ಅಗೆಯಬೇಕು, ಹೊರಬೇಕು. ಕಠಿಣ ದುಡಿಮೆಗೆ ಮೂಲ ಖರ್ಚಿನ ಎರಡೂಕಾಲು ಪಟ್ಟಿಗೂ ಸ್ವಲ್ಪ ಮೇಲೆ ಬೇಕೆಂದು ಈಗಿನ ಪಟ್ಟಿಗಳು ಹೇಳುತ್ತವೆ. ಎಂದರೆ 3,100ಕ್ಕೆ ಮೇಲೆ. ಚಿಲ್ಲರೆ ಕಾಸಿಗೆ ಒಂದು ಹಿಡಿ ಬೇಳೆ ಕೊಂಡರೂ ಅರ್ಧದಷ್ಟು ಕೊರತೆ ಮೈಯಿಂದಲೇ ತುಂಬಬೇಕು. ಮೊದಲು ಕೊಬ್ಬು, ಆಮೇಲೆ ಮಾಂಸಖಂಡ. ಸಹಾಯ ನಿಜವಾಗಿ ಬೇಕಾದವನು ಮನೆ ಬಿಟ್ಟು ದೂರಕ್ಕೆ ಬಂದು ದುಡಿದು ತೋರಿಸಬೇಕೆಂಬ ಪರೀಕ್ಷೆಯೂ ಆ ಕಾಲದ ಕ್ಷಾಮ ಆಡಳಿತದಲ್ಲಿತ್ತು. ಆ ನಡಿಗೆಯ ಖರ್ಚನ್ನು ಯಾರೂ ಪೌಂಡಿನಲ್ಲಿ ಸೇರಿಸಲಿಲ್ಲ.

ಮೈಸೂರಿನಲ್ಲಿ ಮೊದಲಿಗೆ ಗಂಜಿಕೇಂದ್ರಗಳು ಹೆಚ್ಚಾಗಿದ್ದವು. 1877ರ ಸೆಪ್ಟೆಂಬರಿನಲ್ಲಿ ಲಿಟ್ಟನ್ ಇಲ್ಲಿಗೆ ಬಂದುಹೋದ ತರುವಾಯ ಚಾರ್ಲ್ಸ್ ಎಲಿಯಟ್ ಕ್ಷಾಮ ಕಮೀಷನರನಾಗಿ, ಜನರನ್ನು ದೊಡ್ಡ ಕಾಮಗಾರಿಗಳಿಗೆ ಸಾಗಿಸುವ ಏರ್ಪಾಡು ಬಲವಾಯಿತು. ಬೆಂಗಳೂರು ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಮೊದಲಾದದ್ದು ಆ ಬರದಲ್ಲಿಯೇ. ರೈಲು ಮೈಸೂರನ್ನು ಮುಟ್ಟಿದ್ದು 1882ರಲ್ಲಿ. ಇಂದು ಆ ದಾರಿಯಲ್ಲಿ ಕುರುಕಲು ತಿಂಡಿ ಮೆಲ್ಲುತ್ತ ಮೂರು ಗಂಟೆಯಲ್ಲಿ ಸಾಗುವ ನಮಗೆ ಏರಿಯ ಕೆಳಗಿನ ಮಣ್ಣನ್ನು ಹೊತ್ತವರ ನೆನಪು ಬರುವುದು ಅಪರೂಪ. 1880ರ ಕ್ಷಾಮ ಆಯೋಗವೂ ಅದರ ಆಧಾರದ ಮೇಲೆ 1883ರಲ್ಲಿ ಹೊರಟ ಕ್ಷಾಮ ಸಂಹಿತೆಯೂ ದುಡಿಯುವ ಆಳಿಗೆ ಒಂದು, ಕುಳಿತವನಿಗೆ ಒಂದು ಎಂದು ಬೇರೆ ಬೇರೆ ಅಳತೆಗಳನ್ನು ಒಪ್ಪಿದವು. ಕಾರ್ನಿಷನ ಮಾತು ಅಷ್ಟರಮಟ್ಟಿಗೆ ಕಾಗದದ ಮೇಲೆ ನಿಂತಿತು.

ಟೆಂಪಲ್ಲನಿಗೆ ಇದು ತಿಳಿಯುವ ದಾರಿ ಇರಲಿಲ್ಲವೇ? ಇತ್ತು. ಸುಮಾರು 1790ರಲ್ಲಿ, ಎಂದರೆ ಎಂಬತ್ತೇಳು ವರ್ಷಕ್ಕೆ ಮುಂಚೆ, ಪ್ಯಾರಿಸಿನಲ್ಲಿ ಲವಾಸಿಯೇ ಎಂಬ ರಸಾಯನಶಾಸ್ತ್ರಜ್ಞನು ತನ್ನ ಸಹಾಯಕ ಸೆಗ್ವಿನ್ನನನ್ನೇ ಕೂರಿಸಿ, ಅವನು ಸುಮ್ಮನಿರುವಾಗ ಎಷ್ಟು ಆಮ್ಲಜನಕ ಸೇದುತ್ತಾನೆ, ಭಾರ ಎತ್ತುವಾಗ ಎಷ್ಟು ಎಂದು ಅಳೆದಿದ್ದನು. ಕೆಲಸ ಮಾಡುವಾಗ ಹೆಚ್ಚು ಸೇದುವುದೂ ಹೆಚ್ಚು ಉರಿಯುವುದೂ ಗೊತ್ತಾಯಿತು. ಹೀಗಿರಲು ಮೈಮುರಿದು ದುಡಿಯುವ ಬಡವನಿಗೇ ಹೆಚ್ಚು ಆಹಾರ ಬೇಕು, ದೊರೆಯುವುದು ಅವನಿಗೇ ಕಡಮೆ ಎಂಬ ವಿಷಾದವನ್ನೂ ಲವಾಸಿಯೇ ಬರೆದಿಟ್ಟನು. ವಿಚಿತ್ರವೆಂದರೆ, ಅವನು ಸುಂಕ ಎತ್ತುವ ಗುತ್ತಿಗೆದಾರರ ಮಂಡಲಿಯ ಪಾಲುದಾರನಾಗಿದ್ದನು. ಅದೇ ಕಾರಣಕ್ಕೆ 1794ರಲ್ಲಿ ಕ್ರಾಂತಿಕಾರರು ಅವನ ತಲೆ ಕತ್ತರಿಸಿದರು. ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕೆಯ ಅಟ್ವಾಟರ್ ಎಂಬವನು ಮನುಷ್ಯ ಒಳಗೆ ಕುಳಿತು ಮಲಗಿ ಕೆಲಸ ಮಾಡಬಹುದಾದ ಒಂದು ಪೆಟ್ಟಿಗೆಯಂಥ ಕೋಣೆಯನ್ನು ಮಾಡಿಸಿ, ಅವನ ಮೈಯಿಂದ ಹೊರಡುವ ಶಾಖವನ್ನು ಅಳೆದನು. ಪಿಷ್ಟ ಒಂದು ಗ್ರಾಮಿಗೆ 4, ಸಸಾರಜನಕ 4, ಜಿಡ್ಡು 9 ಕ್ಯಾಲೊರಿ ಎಂದು ನಮ್ಮ ಮಕ್ಕಳು ಬಾಯಿಪಾಠ ಮಾಡುವುದು ಅವನ ಕಾಲದ ಲೆಕ್ಕವನ್ನೇ.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರೂರಿದ್ದು ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ಬೆರಿಬೆರಿ ರೋಗದ ಶೋಧನೆಗೆಂದು ಮ್ಯಾಕ್‌ಕ್ಯಾರಿಸನ್ ಆರಂಭಿಸಿದ ಸಣ್ಣ ಪ್ರಯೋಗಶಾಲೆ ಬೆಳೆದು, ಎಯ್ಕ್ರಾಯ್ಡ್ ಎಂಬವರ ಕಾಲದಲ್ಲಿ ಭಾರತದ ಆಹಾರ ಪದಾರ್ಥಗಳ ಸತ್ವದ ಪಟ್ಟಿಯನ್ನು 1937ರಲ್ಲಿ ಹೊರತಂದಿತು. 1958ರಲ್ಲಿ ಅದು ಹೈದರಾಬಾದಿಗೆ ಹೋಯಿತು. ಈಗ ರಾಷ್ಟ್ರೀಯ ಪೋಷಣ ಸಂಸ್ಥೆ ಎಂದು ಹೆಸರು. ಈ ನಡುವೆ ಎರಡನೆಯ ಮಹಾಯುದ್ಧ ಬಂದು ಪಟ್ಟಣಗಳಲ್ಲಿ ಪಡಿತರ ಬಂದಿತು. 1943ರಲ್ಲಿ ಆಹಾರಧಾನ್ಯ ನೀತಿಯ ಸಮಿತಿ ದೊಡ್ಡವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯವಾದರೂ ಇರಬೇಕೆಂದಿತು. ಮತ್ತೆ ಅದೇ ಒಂದು ಪೌಂಡು! ಆದರೆ ಈ ಸಲ ಬೇರೆ ಪದಾರ್ಥಗಳನ್ನು ಹೊರಗೆ ಕೊಳ್ಳಬಹುದೆಂಬ ಎಣಿಕೆಯಿತ್ತು. 1946ರ ಆದಿಯಲ್ಲಿ ಅದು ಹನ್ನೆರಡು ಔನ್ಸಿಗೆ ಇಳಿದಾಗ, ಮೈಮುರಿಯುವ ಕೆಲಸದವರಿಗೆ ನಾಲ್ಕು ಔನ್ಸು ಹೆಚ್ಚಿಗೆ ಗೊತ್ತಾಯಿತು. ಪಡಿತರದ ಚೀಟಿಯಲ್ಲಿ ದುಡಿಮೆಗೆ ಒಂದು ಸ್ಥಾನ ಬಂತು.

ಸ್ವತಂತ್ರ ಭಾರತದಲ್ಲಿ ವೈದ್ಯಕೀಯ ಸಂಶೋಧನ ಮಂಡಲಿಯು ಕೆಲಸವನ್ನು ಮೂರು ತೆರನಾಗಿ ವಿಂಗಡಿಸಿತು: ಕುಳಿತು ಮಾಡುವುದು, ಸಾಧಾರಣದ್ದು, ಕಠಿಣವಾದದ್ದು. 1958ರ ಸುಮಾರಿನ ಶಿಫಾರಸಿನಲ್ಲಿ 55 ಕಿಲೋ ತೂಕದ ಗಂಡಸಿಗೆ ಕ್ರಮವಾಗಿ 2,400, 2,800, 3,900. 45 ಕಿಲೋ ತೂಕದ ಹೆಂಗಸಿಗೆ 1,900, 2,200, 3,000. ಇಡೀ ಮನೆಯ ಅಂದಾಜಿಗೆ ಅನುಕೂಲವಾಗಲೆಂದು ಇದನ್ನೇ ಒಂದು ಎಣಿಕೆಗೆ ಇಳಿಸಿದರು. ಕುಳಿತು ದುಡಿಯುವ ಗಂಡಸನ್ನು ಒಂದು ಪಾಲು ಎಂದಿಟ್ಟುಕೊಂಡರೆ ಕಠಿಣವಾಗಿ ದುಡಿಯುವ ಗಂಡಸು 1.6 ಪಾಲು, ಕುಳಿತ ಹೆಂಗಸು 0.8, ಕಠಿಣವಾಗಿ ದುಡಿಯುವ ಹೆಂಗಸು 1.2 ಪಾಲು. ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು. ಕೌಟಿಲ್ಯನ ಪಟ್ಟಿಯಲ್ಲಿ ಹೆಂಗಸು ಎಂದಿಗೂ ಮುಕ್ಕಾಲು. ಈ ಪಟ್ಟಿಯಲ್ಲಿ ಹೊರೆ ಹೊತ್ತ ಹೆಂಗಸಿನ ಪಾಲು ಮೇಜಿನ ಮುಂದೆ ಕುಳಿತ ಗುಮಾಸ್ತೆಯ ಪಾಲಿಗಿಂತ ಹೆಚ್ಚು. ನನ್ನ ಎಣಿಕೆಯಲ್ಲಿ ಈ ಇಡೀ ಚರಿತ್ರೆಯ ದೊಡ್ಡ ತಿರುವು ಅದೇ. ಅದು ಎಷ್ಟು ಮನೆಗಳ ಒಲೆಯ ತನಕ ಹೋಗಿದೆ ಎಂಬುದು ಬೇರೆ ಮಾತು.

ಇನ್ನೊಂದು ವಿಶೇಷವೂ ಈ ಪಟ್ಟಿಗಳಲ್ಲಿ ಕಾಣುತ್ತದೆ. ಕುಳಿತು ದುಡಿಯುವ ಗಂಡಸಿಗೆ 1989ರ ಪಟ್ಟಿಯಲ್ಲಿ 2,425 ಕ್ಯಾಲೊರಿ, 2010ರಲ್ಲಿ 2,320, 2020ರಲ್ಲಿ 2,110. ಆದರ್ಶದ ಗಂಡಸಿನ ತೂಕ 60ರಿಂದ 65 ಕಿಲೋಗೆ ಏರಿತು. ಆದರೂ ಊಟ ಇಳಿಯಿತು. ಏಕೆಂದರೆ ಕುಳಿತವನ ಒಟ್ಟು ಖರ್ಚು ಮೂಲ ಖರ್ಚಿನ 1.6ರಷ್ಟೆಂದು ಮೊದಲು ಇಟ್ಟುಕೊಂಡಿದ್ದರು, ಆಮೇಲೆ 1.53, ಈಗ 1.4. ಕುಳಿತವನು ಇನ್ನೂ ಚೆನ್ನಾಗಿ ಕುಳಿತನೆಂದು ಅರ್ಥ! ಕಚೇರಿಗೆ ನಡೆಯುವುದು ಹೋಗಿ ಸೈಕಲ್ಲು ಬಂತು, ಸೈಕಲ್ಲು ಹೋಗಿ ಮೋಟಾರು ಬಂತು. ಬಾವಿಯಿಂದ ಸೇದುತ್ತಿದ್ದ ನೀರು ಕೊಳಾಯಿಗೆ ಬಂತು. ಪಟ್ಟಣದ ವಾಚಕರಲ್ಲಿ ಬಹುಮಂದಿಯೂ ಬಾಯಿಯಿಂದ ದುಡಿಯುವ ನನ್ನಂಥ ಉಪಾಧ್ಯಾಯರೂ ಈ ಸಾಲಿನವರೇ. ಉಳುತ್ತಿದ್ದ ತಂದೆಯ ಕಾಲದ ಮುದ್ದೆಯ ಗಾತ್ರವನ್ನು ಟ್ರಾಕ್ಟರಿನ ಮೇಲೆ ಕುಳಿತ ಮಗನು ಬಿಡದಿದ್ದರೆ ಮಿಕ್ಕದ್ದು ಹೊಟ್ಟೆಯ ಸುತ್ತ ಕೂಡುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ಬಲ್ಲವನು ಎಂದರೆ ತನ್ನ ದುಡಿಮೆಯನ್ನು ಬಲ್ಲವನು ಎಂದು ನಾನು ಅರ್ಥಮಾಡುತ್ತೇನೆ.

ಆದರೆ ಮೂರೇ ಸಾಲಿನ ಪಟ್ಟಿಯಿಂದ ನಮ್ಮ ಸೀಮೆಯ ದುಡಿಮೆಯನ್ನು ಹಿಡಿಯಲು ಸಾಧ್ಯವೆ? ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತಾರೆ. ಬೇಸಗೆಯ ಕೊನೆಗೆ ಸಸಿ ನೆಟ್ಟು, ಆಷಾಢ ಕಳೆಯುವ ಹೊತ್ತಿಗೆ ಎಲೆ ಮುರಿಯಲು ಮೊದಲುಮಾಡಿ, ಕೋಲಿಗೆ ಕಟ್ಟಿ, ಬ್ಯಾರನ್ನಿನಲ್ಲಿ ತೂಗುಹಾಕಿ, ಕೆಳಗೆ ಬೆಂಕಿಯಿಟ್ಟು ಹದಮಾಡುತ್ತಾರೆ. ಒಂದು ಸಲ ಹೊತ್ತಿಸಿದ ಬ್ಯಾರನ್ ಐದಾರು ದಿನ ಹಗಲೂ ರಾತ್ರಿ ಉರಿಯಬೇಕು. ಬೆಂಕಿ ಏರಿದರೂ ಕಷ್ಟ, ಇಳಿದರೂ ಕಷ್ಟವಾದುದರಿಂದ ಯಾರಾದರೊಬ್ಬರು ಎಚ್ಚರವಿರಬೇಕು. ಆ ಎರಡು ಮೂರು ತಿಂಗಳ ದುಡಿಮೆಗೂ ಮಾಘಮಾಸದ ದುಡಿಮೆಗೂ ಏನು ಸಂಬಂಧ? ಒಂದೇ ಮನುಷ್ಯ ವರ್ಷದಲ್ಲಿ ಮೂರು ಸಾಲುಗಳಲ್ಲಿಯೂ ನಿಲ್ಲುತ್ತಾನೆ.

ಇಂಥ ಕಡೆ ವಿಜ್ಞಾನಿಗಳು ಹೇಳುವ ದಾರಿ ದಿನದ ಇಪ್ಪತ್ನಾಲ್ಕು ಗಂಟೆಗಳನ್ನು ಹಂಚಿ ನೋಡುವುದು. ಆಹಾರ, ಆರೋಗ್ಯಗಳ ಅಂತರರಾಷ್ಟ್ರೀಯ ಸಂಸ್ಥೆಗಳ ತಜ್ಞರು 1981ರಲ್ಲಿ ರೋಮಿನಲ್ಲಿ ಕೂಡಿ ಇದನ್ನು ಗಟ್ಟಿಮಾಡಿದರು. ನಿದ್ದೆಯ ಒಂದು ಗಂಟೆಗೆ ಒಂದು ಅಂಶ. ಕುಳಿತು ಮಾಡುವ ಕೈಗೆಲಸಕ್ಕೆ ಸುಮಾರು ಒಂದೂವರೆ. ಗುಡಿಸುವುದು, ಅಡುಗೆ, ನೀರು ಇವಕ್ಕೆ ಸುಮಾರು ಎರಡೂವರೆ. ಹೊಲದಲ್ಲಿ ಬಾಗಿ ದುಡಿಯುವುದಕ್ಕೆ ಮೂರು, ಮೂರೂವರೆ, ಕೆಲವಕ್ಕೆ ಇನ್ನೂ ಹೆಚ್ಚು. ಬ್ಯಾರನ್ ಉರಿಯುವ ಕಾಲದ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ತೂಕ 50 ಕಿಲೋ. ಆರು ಗಂಟೆ ನಿದ್ದೆ: ಆರು ಅಂಶ. ಆರು ಗಂಟೆ ಎಲೆ ಮುರಿದು ಹೊರುವುದು: ಇಪ್ಪತ್ತೊಂದು. ಐದು ಗಂಟೆ ಮನೆಗೆಲಸ: ಹನ್ನೆರಡೂವರೆ. ಐದು ಗಂಟೆ ಕುಳಿತು ಕೋಲಿಗೆ ಎಲೆ ಕಟ್ಟುವುದು: ಎಂಟು. ಉಳಿದೆರಡು ಗಂಟೆ ಊಟ, ವಿಶ್ರಾಂತಿ: ಮೂರಕ್ಕೆ ಸ್ವಲ್ಪ ಕಡಮೆ. ಒಟ್ಟು ಐವತ್ತು ಅಂಶ. ಆ ತೂಕದ ಯುವತಿಯ ಮೂಲ ಖರ್ಚು ಗಂಟೆಗೆ ಸುಮಾರು 49 ಕ್ಯಾಲೊರಿ. ಗುಣಿಸಿದರೆ 2,450. ಅವಳಿಗಿಂತ ಹದಿನೈದು ಕಿಲೋ ಹೆಚ್ಚು ತೂಗುವ, ಕುಳಿತು ದುಡಿಯುವ ಗಂಡಸಿಗೆ 2,110 ಎಂದು ಮೇಲೆ ಹೇಳಿದೆಯಷ್ಟೆ. ವ್ಯತ್ಯಾಸ 340. ನೂರು ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿ ಇರುತ್ತದೆ. ಎಂದರೆ ಆ ದಿನ ಆಕೆ ಅವನಿಗಿಂತ ಒಂದು ಮುದ್ದೆ ಹೆಚ್ಚಿಗೆ ಉಣ್ಣಬೇಕು. ಬಸುರಿಯಾಗಿದ್ದರೆ ಇನ್ನೂ 350 ಕ್ಯಾಲೊರಿ, ಇನ್ನೊಂದು ಮುದ್ದೆ ಎನ್ನಿ. ಎಲ್ಲರಿಗೂ ಬಡಿಸಿದ ಮೇಲೆ ತಳದಲ್ಲಿ ಉಳಿದುದನ್ನು ಉಣ್ಣುವ ಪದ್ಧತಿಯಿರುವ ಮನೆಯಲ್ಲಿ ಆ ಎರಡು ಮುದ್ದೆ ತಪ್ಪಲೆಯಲ್ಲಿ ಇರುತ್ತವೆಯೆ? ಇದು ಸರಾಸರಿಯ ಲೆಕ್ಕ. ಮೈಯಿಂದ ಮೈಗೆ ಭೇದವುಂಟು. ಆದರೆ ಎಸರಿಡುವಾಗ ಅಂದಾಜು ಸಾಕು.

ಸರ್ಕಾರದ ಅಳತೆಗಳಲ್ಲಿ ತಲೆಯೆಣಿಕೆಯೇ ಇನ್ನೂ ಹೆಚ್ಚು. 1979ರಲ್ಲಿ ಯೋಜನಾ ಆಯೋಗದ ತಂಡ ಬಡತನದ ಗೆರೆಯನ್ನು ಎಳೆಯುವಾಗ ಹಳ್ಳಿಯವನಿಗೆ 2,400, ಪಟ್ಟಣದವನಿಗೆ 2,100 ಕ್ಯಾಲೊರಿ ಎಂದು ಹಿಡಿಯಿತು; ಹಳ್ಳಿಯಲ್ಲಿ ದುಡಿಮೆ ಹೆಚ್ಚೆಂಬ ನ್ಯಾಯ ಅದರಲ್ಲಿ ಒಂದಿಷ್ಟು ಅಡಗಿತ್ತು. ಶಾಲೆಗಳಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟಕ್ಕೆ ಒಂದರಿಂದ ಐದನೆಯ ತರಗತಿಯವರೆಗೆ ನೂರು ಗ್ರಾಂ ಧಾನ್ಯ, 450 ಕ್ಯಾಲೊರಿ. ಆರರಿಂದ ಎಂಟಕ್ಕೆ 150 ಗ್ರಾಂ, 700 ಕ್ಯಾಲೊರಿ ಎಂದು ನಿಗದಿಯಾಗಿದೆ. ತರಗತಿಯನ್ನು ನೋಡಿ ಅಳೆಯುವ ಈ ಪಡಿ ಬಹಳ ಮಕ್ಕಳಿಗೆ ದೊಡ್ಡ ಆಸರೆ. ಆಟೋದಲ್ಲಿ ಬಂದಿಳಿಯುವ ಹುಡುಗನಿಗೂ ದೂರದ ಹಳ್ಳಿಯಿಂದ ನಡೆದು ಬಂದು, ಸಂಜೆ ಎಲೆ ಕಟ್ಟುವ ಹುಡುಗಿಗೂ ಕಾಗದದ ಮೇಲೆ ಒಂದೇ ಪಾಲು. ಬಡಿಸುವಾಗ ಮಾತ್ರ ಹಾಗೆ ನಡೆಯುವುದಿಲ್ಲ. ಅಡುಗೆಯ ಅಮ್ಮಂದಿರು ಮಕ್ಕಳ ಮುಖ ಬಲ್ಲವರು. ಶ್ರಾವಣ ಭಾದ್ರಪದಗಳಲ್ಲಿ ಕೆಲವು ತಟ್ಟೆಗಳಿಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಬೀಳುತ್ತದೆ, ಬೇಡವೆಂದು ತಟ್ಟೆ ಸರಿಸುವವರ ಪಾಲು ಆ ಕಡೆಗೆ ಹೋಗುತ್ತದೆ.